ಕಣದಲ್ಲಿ ಕಾಫಿ, ಮೇಲೆ ಮೋಡ, ಬಾಯಿಗೆ ಹೊಗೆಸೊಪ್ಪಿನ ಆಸೆ

ಹೊಗೆಸೊಪ್ಪು ಬಿಟ್ಟು ಅವತ್ತಿಗೆ 11ನೇ ದಿನ. ಜನವರಿ ತಿಂಗಳು. ಚಿಕ್ಕಮಗಳೂರಿನ ಆಲ್ದೂರು ಕಡೆ ನಮ್ಮದು ಸಣ್ಣ ತೋಟ, ಕಣದ ತುಂಬಾ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್ ಹರಡಿತ್ತು. ಇನ್ನೆರಡು ಬಿಸಿಲು ಸಿಕ್ಕಿದ್ದರೆ ಮೂಟೆ ಕಟ್ಟಬಹುದಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಗಿರಿ ಕಡೆ ಕಪ್ಪಾಗಿಬಿಟ್ಟಿತು.

ಎಲ್ಲರೂ ಓಡಿ ರಾಶಿ ಎಳೆದು ಟಾರ್ಪಾಲ್ ಹೊದಿಸಿದೆವು. ಆಮೇಲೆ ಮಾಡೋದಕ್ಕೆ ಏನೂ ಇರಲಿಲ್ಲ. ಕೊಟ್ಟಿಗೆಯ ಮಾಡಿನ ಕೆಳಗೆ ನಿಂತು ಮೋಡ ನೋಡೋದು, ಅಷ್ಟೇ. ಒದ್ದೆಯಾದ ಕಾಫಿ ಬೂಷ್ಟು ಹಿಡಿದರೆ ರೇಟು ಎಷ್ಟಕ್ಕೆ ಇಳಿಯುತ್ತೆ, ಬೆಳೆ ಸಾಲ ಹೇಗೆ ಕಟ್ಟೋದು ಅಂತ ಎದೆ ಡವಡವ ಹೊಡ್ಕೊಳ್ಳೋಕೆ ಶುರುವಾಯ್ತು, ಕೈ ತಾನಾಗೇ ಸೊಂಟಕ್ಕೆ ಹೋಯಿತು. ಅಲ್ಲಿ ಸಂಚಿ ಇರಲಿಲ್ಲ. 20 ವರ್ಷ ಅಲ್ಲೇ ಇತ್ತು. ಹಲ್ಲಿನ ಡಾಕ್ಟರ್ ಕೆನ್ನೆ ಒಳಗಿನ ಬಿಳಿ ಮಚ್ಚೆ ತೋರಿಸಿ, ಬಿಡಲೇಬೇಕು ಅಂದ ಮೇಲೆ ತೆಗೆದಿಟ್ಟಿದ್ದೆ.

ಪಕ್ಕದಲ್ಲಿದ್ದ ಕೆಲಸದ ಅಜ್ಜಿ ತನ್ನ ಸಂಚಿ ಬಿಚ್ಚಿ, "ತಗಳಿ ಅಮ್ಮಾ, ಒಂಚೂರು ಹಾಕಿದ್ರೆ ಏನಾಗಲ್ಲ" ಅಂದರು. ಪ್ರೀತಿಯಿಂದಲೇ ಕೊಟ್ಟಿದ್ದು. ಆ ವಾಸನೆಗೆ ಬಾಯಲ್ಲಿ ನೀರು ಬಂತು. ಬೇಡ ಅಜ್ಜಿ ಅಂದು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ಹಿಂದಕ್ಕೆ ಹೋದೆ.

ತಂಗಿ ಫೋನಿನಲ್ಲಿ ಟ್ಯಾಪಿಂಗ್ ಕಲಿಸಿದ್ದಳು, ಮೈಮೇಲಿನ ಕೆಲವು ಜಾಗ ಬೆರಳಲ್ಲಿ ತಟ್ಟಿ ಮನಸ್ಸು ಸಮಾಧಾನ ಮಾಡ್ಕೊಳ್ಳೋ ವಿಧಾನ. ಇಎಫ್‌ಟಿ (ಎಮೋಷನಲ್ ಫ್ರೀಡಂ ಟೆಕ್ನಿಕ್ಸ್) ಅಂತಾರೆ. 1990ರ ದಶಕದಲ್ಲಿ ಅಮೆರಿಕದ ಗ್ಯಾರಿ ಕ್ರೇಗ್ ರೂಢಿಗೆ ತಂದಿದ್ದು. ಮೊದಲು ಆಸೆ 0ಯಿಂದ 10ರಲ್ಲಿ ಎಷ್ಟಿದೆ ಅಂತ ನೋಡ್ಕೋಬೇಕು. ನಂದು 9 ಇತ್ತು. ಕಿರುಬೆರಳಿನ ಕೆಳಗಿನ ಅಂಗೈ ಅಂಚನ್ನು ತಟ್ಟುತ್ತಾ ಒಂದು ಮಾತು ಮೂರು ಸಲ ಹೇಳಬೇಕು. ತಂಗಿ ಹೇಳಿಕೊಟ್ಟ ಇಂಗ್ಲಿಷ್ ವಾಕ್ಯ ನನ್ನ ನಾಲಿಗೆಗೆ ಹತ್ತಲೇ ಇಲ್ಲ. ಅದಕ್ಕೆ, "ಹೊಗೆಸೊಪ್ಪು ಬೇಕು ಅನ್ನಿಸ್ತಿದೆ, ಹೆದರಿಕೆನೂ ಆಗ್ತಿದೆ, ಆದ್ರೂ ನನ್ನನ್ನ ನಾನು ಬೈಕೊಳ್ಳಲ್ಲ" ಅಂದೆ. ಮೂರನೇ ಸಲಕ್ಕೆ ಗಂಟಲು ಕಟ್ಟಿತು. ಬಿಟ್ಟ ದಿನದಿಂದ ನನ್ನನ್ನೇ ಎಷ್ಟು ಬೈಕೊಂಡಿದ್ದೆ ಅಂತ ಆಗಲೇ ಗೊತ್ತಾಗಿದ್ದು.

ಆಮೇಲೆ ಎರಡು ಬೆರಳಲ್ಲಿ ಮೂಗಿನ ಕಡೆಯ ಹುಬ್ಬಿನ ತುದಿ, ಕಣ್ಣಿನ ಪಕ್ಕ, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಗದ್ದ, ಕತ್ತಿನ ಬುಡದ ಅಡ್ಡ ಮೂಳೆಯ ಕೆಳಗೆ, ಕಂಕುಳ ಕೆಳಗೆ, ನೆತ್ತಿ. ಒಂದೊಂದು ಕಡೆ ಏಳೆಂಟು ಸಲ. ಬೆರಳಿಗೆ ಪಾರ್ಚ್‌ಮೆಂಟಿನ ಹೊಟ್ಟು ಅಂಟಿತ್ತು, ಮೂಗಿನ ಕೆಳಗೆ ತಟ್ಟುವಾಗ ಅದರ ಹುಳಿ ವಾಸನೆ ಬರ್ತಿತ್ತು. ಎರಡು ಸುತ್ತಿಗೆ 6, ನಾಲ್ಕು ಸುತ್ತಿಗೆ 4. ಸೊನ್ನೆಗೆ ಬರಲಿಲ್ಲ.

ಇದರಿಂದ ಮೈಯಲ್ಲಿ ಶಕ್ತಿ ಹರಿಯುವ ದಾರಿ ಸರಿಯಾಗುತ್ತೆ ಅಂತ ಹೇಳ್ತಾರೆ, ಅದಕ್ಕೆ ಗಟ್ಟಿ ಪುರಾವೆ ಇಲ್ಲ, ನಾನೂ ನಂಬಲ್ಲ. ಆಸೆಯ ಒತ್ತಡ ಸಾಮಾನ್ಯವಾಗಿ ಕೆಲವೇ ನಿಮಿಷ ಇರೋದು, ಅಷ್ಟು ಹೊತ್ತು ಸಂಚಿಗೆ ಹೋಗುವ ಕೈಗೆ ಬೇರೆ ಕೆಲಸ ಸಿಗುತ್ತಲ್ಲ, ನನಗೆ ಅದೇ ಆಸರೆ. ಡಾಕ್ಟರ್ ಹತ್ತಿರ ತೋರಿಸೋದು ಬಿಟ್ಟಿಲ್ಲ, ಯಾರೂ ಬಿಡಬೇಡಿ.

ಮಳೆ ಇಪ್ಪತ್ತು ನಿಮಿಷ ಹೊಯ್ಯಿತು. ಒಂದು ಮೂಲೆಯಲ್ಲಿ ಟಾರ್ಪಾಲ್ ಸೋರಿ ನಾಲ್ಕೈದು ಬುಟ್ಟಿ ಕಾಫಿ ನೆನೆಯಿತು, ಅದನ್ನು ಬೇರೆ ಹರಡಿದೆವು.

ರಾತ್ರಿ ಊಟ ಆದ ಮೇಲೆ ಆಸೆ ಮತ್ತೆ 7ಕ್ಕೆ ಬಂತು. ಜಗಲಿಯಲ್ಲಿ ಕೂತು ಅಂಗೈ ಅಂಚಿನಿಂದ ಶುರು ಮಾಡಿದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ನೋಡಿ, ತಮ್ಮ ಎಲೆಅಡಿಕೆ ತಟ್ಟೆ ಎತ್ಕೊಂಡು ಹೋಗಿ ಒಳಗೆ ಇಟ್ಟು ಬಂದರು.