ಆಯಿ, ಅವ್ವ ಮತ್ತು ನನ್ನ ನಾಲಿಗೆ

ಡಿಸೆಂಬರ್ 22, 2024, ರವಿವಾರ
ಚೆಂಗ್ಡು

ನಾಲಿಗೆ ತುದಿಯಲ್ಲಿ ಹುಣ್ಣು. ತಪ್ಪು ನನ್ನದೇ.

ನಿನ್ನೆ ಇಲ್ಲಿ ದೊಂಗ್‌ಝಿ, ವರ್ಷದ ಅತಿ ಚಿಕ್ಕ ಹಗಲು. ಉತ್ತರ ಚೀನಾದವರು ಜಿಯಾವ್ಜಿ ಅನ್ನುವ ಹೂರಣ ತುಂಬಿದ ಕಡುಬು ತಿನ್ನುವ ದಿನ, ಚೆಂಗ್ಡುವಿನವರಿಗೆ ಮಾತ್ರ ಮಟನ್ ಸೂಪೇ ಆಗಬೇಕು. ಈ ಊರಿನ ಚಳಿ ಏಳೆಂಟು ಡಿಗ್ರಿ ಅಷ್ಟೇ, ಆದರೆ ಒದ್ದೆ ಚಳಿ. ಬೀಜಿಂಗ್‌ನಲ್ಲಿರುವಂಥ ಸರ್ಕಾರಿ ಹೀಟಿಂಗ್ ಇಲ್ಲಿಲ್ಲ. ಮನೆಯೊಳಗೂ ಜಾಕೆಟ್ ಹಾಕಿಕೊಂಡೇ ಕೂರಬೇಕು. ‘ಬಿಸಿ ಹೊಟ್ಟೆಯಿಂದ ಬರಬೇಕು’ ಅನ್ನುತ್ತಾರೆ ಪಕ್ಕದ ಮನೆಯ ಆಯಿ. ಚೀನೀ ಭಾಷೆಯಲ್ಲಿ ಆಯಿ ಅಂದರೆ ಚಿಕ್ಕಮ್ಮ. ನಮ್ಮ ಧಾರವಾಡದ ಕಡೆ ಅಜ್ಜಿ. ಹಾಗಾಗಿ ಕರೆಯೋಕೆ ನನಗೆ ಕಷ್ಟವೇ ಆಗಲಿಲ್ಲ.

ಆಯಿಯ ಲೆಕ್ಕದಲ್ಲಿ ಪ್ರತಿ ಪದಾರ್ಥಕ್ಕೂ ಒಂದು ಗುಣ. ಶೀತ, ತಂಪು, ಬೆಚ್ಚಗೆ, ಉಷ್ಣ, ಮತ್ತೆ ಯಾವ ಕಡೆಗೂ ವಾಲದ್ದು. ಮುಟ್ಟಿ ನೋಡಿದರೆ ಗೊತ್ತಾಗಲ್ಲ. ಹಬೆಯಾಡುವ ಗ್ರೀನ್ ಟೀ ತಂಪು. ಏಡಿ ಶೀತ, ಅದಕ್ಕೇ ಶುಂಠಿ ಇಲ್ಲದೆ ತಿನ್ನಲ್ಲ. ಶುಂಠಿ, ಕೆಂಪು ಖರ್ಜೂರದಂಥ ಝಾವ್ ಹಣ್ಣು, ಮಟನ್ ಎಲ್ಲ ಬೆಚ್ಚಗೆ. ಸುಮಾರು 1800 ವರ್ಷ ಹಿಂದಿನ ವೈದ್ಯ ಝಾಂಗ್ ಝೊಂಗ್‌ಜಿಂಗ್ ಬಾಣಂತಿಯರ ಹೊಟ್ಟೆನೋವಿಗೆ ಬರೆದ ಒಂದು ಔಷಧದಲ್ಲಿ ಇರೋದು ಮೂರೇ: ದಾಂಗ್‌ಗುಯ್ ಬೇರು, ಶುಂಠಿ, ಮಟನ್. ಇಂಥ ಔಷಧಕ್ಕೆ ಯಾರು ಬೇಡ ಅಂತಾರೆ?

ನಿನ್ನೆಯ ಸೂಪು ಹಾಲಿನಷ್ಟು ಬೆಳ್ಳಗಿತ್ತು. ಪಕ್ಕದಲ್ಲೊಂದು ಪುಟ್ಟ ಬಟ್ಟಲು, ಅದರಲ್ಲಿ ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ, ಹುಳಿಸಿದ ತೋಫು. ತುಂಡನ್ನು ಅದರಲ್ಲಿ ಅದ್ದಿ ತಿನ್ನೋದು. ಕೊನೆಗೆ ಕುದಿಯುವ ಸೂಪಿಗೆ ಬಟಾಣಿ ಕುಡಿ ಹಾಕಿ, ಬಾಡುತ್ತಿದ್ದ ಹಾಗೆ ಎತ್ತಿಕೊಳ್ಳಬೇಕು. ಮೂರು ಬಟ್ಟಲು ಇಳಿಸಿದೆ. ಮನೆಗೆ ಬಂದು ಶುಂಠಿ ಕಷಾಯ ಬೇರೆ. ಅದಕ್ಕೆ ಹಾಕುವ ಕೆಂಪು ಸಕ್ಕರೆ ಥೇಟ್ ನಮ್ಮ ಬೆಲ್ಲ.

ಬೆಳಿಗ್ಗೆ ಹುಣ್ಣು ತೋರಿಸಿದೆ. ‘ಶಾಂಗ್ ಹುವೊ’ ಅಂದರು ಆಯಿ. ಬೆಂಕಿ ಮೇಲೇರಿದೆ ಅಂತ. ವಿಡಿಯೋ ಕಾಲ್‌ನಲ್ಲಿ ಅವ್ವನೂ ಅದನ್ನೇ ಹೇಳಿದಳು. ‘ಉಷ್ಣ ಆಗೈತಿ. ಮಜ್ಜಿಗಿ ಕುಡಿ.’

ಇಬ್ಬರದೂ ಒಂದೇ ಮಾತು ಅಂದುಕೊಂಡರೆ ಬದನೆಕಾಯಿ ಅಡ್ಡ ಬಂತು. ತಂಪು, ತಿನ್ನು ಅಂತಾರೆ ಆಯಿ. ಅವ್ವನಿಗೆ ಅದು ನಂಜು, ಬಾಯಿಹುಣ್ಣಿದ್ದಾಗ ಮುಟ್ಟಲೇಬಾರದು. ನಾನು ಇಬ್ಬರಿಗೂ ಹೂಂ ಅಂದೆ. ಇವತ್ತು ಬರೀ ಅನ್ನದ ಗಂಜಿ.

ಆಯಿ ಒಣಗಿದ ಸೇವಂತಿಗೆ ಕೊಟ್ಟಿದ್ದಾರೆ, ಚಹಾ ಮಾಡಿಕೊಳ್ಳಲು. ಗಾಜಿನ ಲೋಟದ ಬಿಸಿನೀರಿನಲ್ಲಿ ಹೂಗಳು ಒಂದೊಂದಾಗಿ ಅರಳಿದವು. ಲೋಟವನ್ನು ಫೋನ್ ಮುಂದೆ ಹಿಡಿದೆ.

‘ಅಯ್ಯ, ದೇವರಿಗೆ ಏರಸೂ ಹೂವ ಕುಡಿಯಾಕ ಹತ್ತೀಯಲ್ಲೋ!’