ಕೂಸು ಆಡುವ ಹಿತ್ತಲಿನಲ್ಲಿ ಯಾವ ಗಿಡ ಕೀಳಬೇಕು?

ಮನೆಯಲ್ಲಿ ಕೂಸು ತಪ್ಪು ಹೆಜ್ಜೆ ಇಡಲು ತೊಡಗಿದೊಡನೆ, ದಾವಣಗೆರೆಯ ನಮ್ಮ ಬಡಾವಣೆಯ ಎಳೆಯ ತಾಯಂದಿರು ನನ್ನಲ್ಲಿಗೆ ಬಂದು ಕೇಳುವ ಪ್ರಶ್ನೆ ಒಂದೇ: "ದೊಡ್ಡಮ್ಮ, ಹಿತ್ತಲಿನಲ್ಲಿ ಯಾವ ಯಾವ ಗಿಡ ಕೀಳಿಸಬೇಕು?" ಮೂವರು ಮೊಮ್ಮಕ್ಕಳನ್ನು ಹಿತ್ತಲಿನ ಮಣ್ಣಿನಲ್ಲೇ ಆಡಿಸಿ ಬೆಳೆಸಿದವಳು ನಾನು. ಕೀಳಬೇಕಾದ ಗಿಡಗಳಿವೆ, ಹೇಳುತ್ತೇನೆ. ಆದರೆ ನಾನು ಮೊದಲು ನೋಡುವುದು ಗಿಡವನ್ನಲ್ಲ, ನೀರನ್ನು.

ನಳದ ನೀರು ದಿನವೂ ಬಾರದ ಊರಿನಲ್ಲಿ ಸಂಪು, ತೊಟ್ಟಿ, ಡ್ರಮ್ಮು, ಬಕೆಟ್ಟುಗಳಲ್ಲಿ ನೀರು ತುಂಬಿಡದ ಮನೆ ಎಲ್ಲಿದೆ? ಒಂದೆರಡು ವರ್ಷದ ಮಗುವಿನ ತಲೆ ಮೈಯ ಅಳತೆಗೆ ಭಾರವಾಗಿರುವುದರಿಂದ, ಬಕೆಟ್ಟಿನೊಳಗೆ ಬಗ್ಗಿ ಮುಗ್ಗರಿಸಿದರೆ ಅದು ತಾನಾಗಿ ಮೇಲೇಳಲಾರದು; ಮೂಗು ಬಾಯಿ ಮುಳುಗುವಷ್ಟು, ಎರಡು ಇಂಚು ನೀರಿದ್ದರೂ ಪ್ರಾಣಕ್ಕೆ ಅಪಾಯ. ಬಹಳ ಸಲ ಸದ್ದೂ ಆಗುವುದಿಲ್ಲ. ಸಂಪಿನ ಮುಚ್ಚಳಕ್ಕೆ ಚಿಲಕ ಹಾಕಿಸಿ ಬೀಗ ಜಡಿಯಿರಿ, ತಗಡು ತುಕ್ಕು ಹಿಡಿದಿದ್ದರೆ ಬದಲಿಸಿ, ಖಾಲಿ ಬಕೆಟ್ಟನ್ನು ಬೋರಲು ಹಾಕಿ. ನೀರು ಬಿಟ್ಟ ದಿನ ಪೈಪು ಇಳಿಬಿಟ್ಟು ಮುಚ್ಚಳವನ್ನು ತೆರೆದೇ ಇಡುವ ರೂಢಿ ನಮ್ಮಲ್ಲಿದೆ; ಪೈಪು ಹಾಯುವಷ್ಟೇ ತೂತನ್ನು ಮುಚ್ಚಳದಲ್ಲಿ ಕೊರೆಸಿಕೊಂಡರೆ ಆ ದಿನವೂ ಬೀಗ ತೆಗೆಯಬೇಕಾಗಿಲ್ಲ.

ಇನ್ನು ಗಿಡ. ನಮ್ಮ ಅತ್ತೆಯವರು ಶಿವಪೂಜೆಗೆಂದು ನೆಟ್ಟಿದ್ದ ಹಳದಿ ಕಣಗಿಲೆಯನ್ನು ಮೊದಲ ಮೊಮ್ಮಗ ಹುಟ್ಟಿದ ವರ್ಷ ಕಡಿಸಿದೆ. ಕಡಿಸುವಾಗ ಕರುಳು ಚುರುಕ್ಕೆಂದಿತು, ಆದರೂ ಕಡಿಸಿದ್ದು ಸರಿ ಎಂದೇ ಇಂದಿಗೂ ನಂಬಿದ್ದೇನೆ. ಆ ಗಿಡದ ಎಲ್ಲ ಭಾಗಗಳೂ ವಿಷ. ಮಗುವಿನ ಅಂಗೈಯಲ್ಲಿ ಗೋಲಿಯಂತೆ ಕೂರುವ ಹಸಿರು ಕಾಯಿಯೊಳಗಿನ ಬೀಜ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಕೆಂಪು ಮತ್ತು ಬಿಳಿ ಹೂವಿನ ಕಣಗಿಲೆಯೂ ಅಷ್ಟೇ ಅಪಾಯಕಾರಿ. ಹರಳು, ಬೇಲಿಗೆ ಹಾಕುವ ಮರಹರಳು, ಬೇಲಿಗೆ ಹಬ್ಬುವ ಗುಲಗಂಜಿ, ತಾನಾಗಿ ಹುಟ್ಟುವ ಉಮ್ಮತ್ತಿ ಇವು ಯಾವುವೂ ಇರಕೂಡದು. ಗುಲಗಂಜಿಯ ಕೆಂಪು ಕಪ್ಪು ಬಣ್ಣಕ್ಕೆ ಮಗು ಸೋಲದೆ ಇರುವುದಿಲ್ಲ, ಅದನ್ನು ಅಗಿದರೆ ಒಳಗಿನ ವಿಷ ಹೊರಬರುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು. ಪೂಜೆಗೆ ಹೂವು ಬೇಕೆನ್ನುವವರು ದಾಸವಾಳವನ್ನೂ ದುಂಡುಮಲ್ಲಿಗೆಯನ್ನೂ ನೆಡಬಹುದು. ಎಲೆ ಕಿತ್ತು ಮೂಸಿ ಬಾಯಿಗಿಡುವ ಕೂಸಿಗೆ ದೊಡ್ಡಪತ್ರೆಯಂಥ ಜೊತೆಗಾರ ಇನ್ನೊಂದಿಲ್ಲ.

ಇಷ್ಟಾದ ಮೇಲೂ ಮಗು ವಿಷದ ಬೀಜ ತಿಂದಿತೆಂಬ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ, ಆ ಕಾಯಿಯನ್ನೋ ರೆಂಬೆಯನ್ನೋ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿ.

ಚಳ್ಳಕೆರೆಯ ಕಡೆ ಶೇಂಗಾ ಒಣಹಾಕುವ ಅಂಗಳದಲ್ಲಿ ಕಾಳು ಹೆಕ್ಕಿ ಬಾಯಿಗೆ ಹಾಕಿಕೊಳ್ಳುವ ಮಗುವಿನ ಉಸಿರುನಾಳಕ್ಕೆ ಕಾಳು ಸಿಕ್ಕಿಕೊಳ್ಳಬಹುದು ಎಂಬುದನ್ನೂ ಮರೆಯಬಾರದು. ಚಿತ್ರದುರ್ಗದ ಕಲ್ಲುನೆಲದಲ್ಲಿ ಮನೆಯಿರುವವರು ಕಲ್ಲುಗುಡ್ಡೆ, ಒಡೆದ ಹೆಂಚು, ಸೌದೆಯನ್ನು ಆಟದ ಜಾಗದಿಂದ ದೂರಕ್ಕೆ ಸಾಗಿಸಲಿ, ಚೇಳು ಅಡಗುವುದು ಅವುಗಳ ಕೆಳಗೇ. ಕೆಂಪು ಚೇಳಿನ ವಿಷ ಚಿಕ್ಕ ಮಕ್ಕಳ ಹೃದಯಕ್ಕೆ ಏರುವುದರಿಂದ, ಕುಟುಕಿದರೆ ಮಂತ್ರ ಹಾಕಿಸುತ್ತಾ ಹೊತ್ತು ಕಳೆಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಇದನ್ನೆಲ್ಲ ಕೇಳಿ ಕೆಲವರು "ಹಾಗಾದರೆ ಇಡೀ ಹಿತ್ತಲಿಗೆ ಸಿಮೆಂಟು ಹಾಕಿಸಿಬಿಡೋಣ" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಸಿಮೆಂಟಿನ ಮೇಲೆ ಬರಿಗಾಲಿಟ್ಟರೆ ಎಳೆಯ ಪಾದ ಸುಡುತ್ತದೆ, ಬಿದ್ದರೆ ತಲೆಗೆ ಪೆಟ್ಟಾಗುತ್ತದೆ. ಮಾವಿನ ಮರವಿದ್ದರೆ ಅದರ ನೆರಳಿಗೆ ಜರಡಿ ಹಿಡಿದ ಮರಳನ್ನು ಮೊಳದಾಳ ತುಂಬಿ, ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ. ಸಂಜೆ ಏಳುವಾಗ ಬೆಕ್ಕು ಬಂದು ಹೊಲಸು ಮಾಡದಂತೆ ಅದರ ಮೇಲೆ ತಾಡಪಾಲು ಹೊದಿಸಿ.