ಪ್ರೊಫೈಲರ್‌ಗಳು ನಿಜವಾಗಿ ಕೊಲೆಗಾರರನ್ನು ಹಿಡಿದಿದ್ದಾರಾ?

ನಾನು ಕ್ರೈಮ್ ಕೇಸುಗಳ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬರುತ್ತದೆ. ಕೊಲೆ ನಡೆದ ರೀತಿ ನೋಡಿ ಕೊಲೆಗಾರ ಎಂಥವನು ಅಂತ ಹೇಳುವವರು ಯಾರನ್ನಾದರೂ ಹಿಡಿದಿದ್ದಾರಾ, ಇಲ್ಲ ಸುಮ್ನೆ ಬುರುಡೆನಾ?

ಹಿಡಿದದ್ದು ಕಡಿಮೆ. ಪೊಲೀಸರು ಇನ್ನೇನು ಕೈಬಿಡಲಿದ್ದವನನ್ನು ಬಿಡದಂತೆ ನೋಡಿಕೊಂಡದ್ದುಂಟು.

1973ರ ಜೂನ್. ಅಮೆರಿಕದ ಮೊಂಟಾನಾದಲ್ಲಿ ಕ್ಯಾಂಪಿಂಗ್‌ಗೆ ಬಂದಿದ್ದ ಕುಟುಂಬವೊಂದರ ಟೆಂಟನ್ನು ರಾತ್ರಿ ಯಾರೋ ಕೊಯ್ದು, 7 ವರ್ಷದ ಮಗಳನ್ನು ಹೊತ್ತೊಯ್ದ. ಎಫ್‌ಬಿಐನಲ್ಲಿ ಅಪರಾಧಿಗಳ ವರ್ತನೆ ಅಭ್ಯಾಸ ಮಾಡುವ ಘಟಕ ಶುರುವಾಗಿದ್ದೇ ಅದರ ಹಿಂದಿನ ವರ್ಷ. ಅಲ್ಲಿನ ಹೊವರ್ಡ್ ಟೆಟೆನ್, ಪ್ಯಾಟ್ರಿಕ್ ಮುಲ್ಲಾನಿ ಹೇಳಿದ್ದು: ಆಸುಪಾಸಿನ ಯುವಕ, ಯಾರ ಜೊತೆಗೂ ಬೆರೆಯದವನು.

ಮರುವರ್ಷ ಅದೇ ಕಡೆ ಯುವತಿಯೊಬ್ಬಳು ಕಾಣೆಯಾದಳು. ಡೇವಿಡ್ ಮೈರ್‌ಹೋಫರ್ ಎಂಬವನ ಮೇಲೆ ಅನುಮಾನ ಬಂತು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನು, ಮಾತು ನಯ. ಸುಳ್ಳು ಪತ್ತೆ ಪರೀಕ್ಷೆ ಪಾಸಾದ, ಮಂಪರು ಪರೀಕ್ಷೆಯೂ ಪಾಸು. ಇನ್ನೇನು ಬೇಕು? ಸ್ಥಳೀಯ ತನಿಖೆಯವರಿಗೆ ಇವನಲ್ಲ ಅನ್ನಿಸಿತು. ದೂರದಲ್ಲಿ ಕೂತ ಇಬ್ಬರು ಮಾತ್ರ ಜಗ್ಗಲಿಲ್ಲ. ಅವನೇ ಫೋನ್ ಮಾಡುತ್ತಾನೆ, ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಳ್ಳಿ ಅಂತ ಆ ಮಗುವಿನ ಮನೆಯವರಿಗೆ ಹೇಳಿದರು.

ಮಗು ಕಾಣೆಯಾಗಿ ಸರಿಯಾಗಿ ಒಂದು ವರ್ಷಕ್ಕೆ ರಾತ್ರಿ ಫೋನ್ ಬಂತು. ಚುಚ್ಚಿ ನೋಯಿಸಲೆಂದೇ ಮಾಡಿದ ಕರೆ. ಆ ತಾಯಿ ಬೈಯಲಿಲ್ಲ. ಮೆತ್ತಗೆ ಮಾತಾಡಿಸುತ್ತಾ ಒಂದು ಗಂಟೆಗೂ ಜಾಸ್ತಿ ಹಿಡಿದಿಟ್ಟರು. ಕೊನೆಗೆ ಅತ್ತವನು ಅವನೇ. ಆಮೇಲೆ ಅವನನ್ನು ಮುಖಾಮುಖಿ ಭೇಟಿಯಾದರು. ಮತ್ತೆ ಬೇರೆ ಹೆಸರಲ್ಲಿ ಫೋನ್ ಮಾಡಿದಾಗ 'ಹಲೋ ಡೇವಿಡ್' ಅಂದುಬಿಟ್ಟರು. ಬಂಧನವಾಯಿತು. ನಾಲ್ಕು ಕೊಲೆ ಒಪ್ಪಿಕೊಂಡ, ಜೈಲಲ್ಲೇ ನೇಣು ಹಾಕಿಕೊಂಡ. ನನ್ನನ್ನು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಶ್ರೇಯ ಆ ತಾಯಿಗೆ ಸಲ್ಲಬೇಕು.

ಹಾಗಂತ ಪ್ರೊಫೈಲರ್‌ಗಳ ಮೇಲೆ ಪೊಲೀಸರಿಗಿರುವ ಅನುಮಾನ ಬರೀ ಮೊಂಡುತನವಲ್ಲ. ನ್ಯೂಯಾರ್ಕಿನ ಬಾಂಬರ್ ಜಾರ್ಜ್ ಮೆಟೆಸ್ಕಿ ಕೇಸಿನಲ್ಲಿ ಮನೋವೈದ್ಯ ಜೇಮ್ಸ್ ಬ್ರಸೆಲ್ 1956ರಲ್ಲಿ ಅವನು ಹಾಕುವ ಕೋಟಿನ ಬಗೆಯನ್ನೂ ಹೇಳಿದರಂತೆ. ಎಲ್ಲರಿಗೂ ನೆನಪಿರುವುದು ಆ ಕೋಟೇ! ಅವನ ಹೆಸರು ಸಿಕ್ಕಿದ್ದು ಮಾತ್ರ ವಿದ್ಯುತ್ ಕಂಪನಿಯ ಗುಮಾಸ್ತೆಯೊಬ್ಬರು ಹಳೇ ಫೈಲುಗಳನ್ನು ಜಾಲಾಡಿದಾಗ.

ಕುರುಡಾಗಿ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಲಂಡನ್ನಿನ ವಿಂಬಲ್ಡನ್ ಕಾಮನ್ ಎಂಬ ಬಯಲಿನಲ್ಲಿ 1992ರಲ್ಲಿ ನಡೆದ ತಾಯಿಯೊಬ್ಬಳ ಕೊಲೆ ನೋಡಿ. ಪ್ರೊಫೈಲಿಗೆ ಹೊಂದುತ್ತಾನೆಂದು ಒಬ್ಬನ ಹಿಂದೆ ಬಿದ್ದರು. ವರ್ಷಕ್ಕೂ ಹೆಚ್ಚು ಜೈಲಲ್ಲಿಟ್ಟರು. 1994ರಲ್ಲಿ ಕೋರ್ಟಿನಲ್ಲಿ ಕೇಸು ಬಿದ್ದುಹೋಯಿತು. ನಿಜವಾದ ಕೊಲೆಗಾರ ರಾಬರ್ಟ್ ನ್ಯಾಪರ್ ತಪ್ಪೊಪ್ಪಿಕೊಂಡದ್ದು 2008ರಲ್ಲಿ. ಅಷ್ಟರೊಳಗೆ ಅವನು ಇನ್ನೊಬ್ಬ ತಾಯಿ-ಮಗಳನ್ನು ಕೊಂದಾಗಿತ್ತು.